ಅಪ್ಪನ ಕಾರು: ಓಲ್ಡ್ಸ್‌ಮೊಬೈಲ್ ಬದುಕಿದ 107 ವರ್ಷ

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲಿ ಇಷ್ಟು ಜನ ಬರ್ತೀರಿ ಅಂದುಕೊಂಡಿರಲಿಲ್ಲ. ಹಿಂದಿನ ಸಾಲಿನವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ನಾನೇನು ಪ್ರಶ್ನೆ ಕೇಳಲ್ಲ.

ಕಾರಿನ ಬಗ್ಗೆ ಮಾತಾಡಿ ಎಂದು ಕರೆದಾಗ, ಈಗ ಓಡುತ್ತಿರುವ ಯಾವುದಾದರೂ ಕಂಪನಿಯ ಬಗ್ಗೆ ಹೇಳಿ ಸಾರ್ ಅಂದಿದ್ದರು. ನಾನು ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಆಟೊಮೊಬೈಲ್ ಪಾಠ ಮಾಡಿದವನು. ಓಡುತ್ತಿರುವ ಗಾಡಿಯಿಂದ ಹುಡುಗರು ಕಲಿಯುವುದು ಕಡಿಮೆ. ಕೆಟ್ಟು ನಿಂತದ್ದನ್ನು ಬಿಚ್ಚಿದರೆ ಕಲಿಯುವುದು ಜಾಸ್ತಿ. ಅದಕ್ಕೇ ಸತ್ತುಹೋದ ಒಂದು ಕಾರನ್ನು ತಂದಿದ್ದೇನೆ. ಹೆಸರು ಓಲ್ಡ್ಸ್‌ಮೊಬೈಲ್. 1897ರಲ್ಲಿ ಹುಟ್ಟಿ 2004ರಲ್ಲಿ ಮುಗಿಯಿತು. ಮುಗಿಯುವ ಹೊತ್ತಿಗೆ ಮೂರೂವರೆ ಕೋಟಿ ಕಾರು ಮಾಡಿತ್ತು. ಇಷ್ಟು ಕಾರು ಮಾರಿದ ಹೆಸರೊಂದು ಹೇಗೆ ಸಾಯುತ್ತೆ? ಎದುರಾಳಿಗಳು ಕೊಂದರು ಅಂತ ಸುಮ್ನೆ ಹೇಳಿಬಿಡಬಹುದು. ನನಗೆ ಹಾಗೆ ಕಾಣಲ್ಲ. ಹೆಸರನ್ನು ಹಾಗೇ ಉಳಿಸಿಕೊಂಡು ಒಳಗಿನ ಸಾಮಾನನ್ನು ಒಂದೊಂದಾಗಿ ಹೊರಗೆ ಸಾಗಿಸಿದರು. ಕೊನೆಗೆ ಬಾಗಿಲ ಮೇಲಿನ ಬೋರ್ಡು ಮಾತ್ರ ಉಳಿಯಿತು. ಹೇಗೆ ಅಂತ ಹೇಳ್ತೀನಿ.

ಶುರು ಮಾಡುವುದು ಮುಂಬೈಯಿಂದ. ಹೌದು, ನಮ್ಮ ಮುಂಬೈಯೇ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಲ್ಯಾನ್ಸಿಂಗ್ ಅಂತ ಊರು. ಅಲ್ಲಿ ಓಲ್ಡ್ಸ್ ಮನೆತನದ ಅಪ್ಪ, ಮಗ ಸೇರಿ ಒಂದು ವರ್ಕ್‌ಶಾಪ್ ಇಟ್ಟಿದ್ದರು. ಅಪ್ಪ ಪ್ಲೈನಿ ಕಮ್ಮಾರಿಕೆ ಗೊತ್ತಿದ್ದವನು. ಮಗ ರ್‍ಯಾನ್ಸಮ್ ಈಲೈ ಓಲ್ಡ್ಸ್, 1864ರಲ್ಲಿ ಹುಟ್ಟಿದವನು. ಇವನಿಗೆ ಕುದುರೆ ಅಂದರೆ ಆಗದು. ಲಾಯದ ವಾಸನೆ ಸಹಿಸಲಾಗದೆ ಮೋಟಾರು ಕಂಡುಹಿಡಿಯಲು ಹೊರಟೆ ಅಂತ ತಾನೇ ಹೇಳುತ್ತಿದ್ದನಂತೆ. ಮೊದಲು ಉಗಿ ಎಂಜಿನ್ನಿನ ಗಾಡಿ ಮಾಡಿದ. ಅದರಲ್ಲೊಂದನ್ನು 1893ರಲ್ಲಿ ಲಂಡನ್ನಿನ ಒಂದು ಔಷಧಿ ಕಂಪನಿ ತನ್ನ ಮುಂಬೈ ಶಾಖೆಗೆಂದು 400 ಡಾಲರಿಗೆ ಕೊಂಡಿತು. ಅಮೆರಿಕದಿಂದ ಹೊರದೇಶಕ್ಕೆ ಮಾರಾಟವಾದ ಮೊದಲ ಮೋಟಾರು ಗಾಡಿ ಇದೇ ಅನ್ನುವವರಿದ್ದಾರೆ. ಹಡಗು ದಾರಿಯಲ್ಲೇ ಮುಳುಗಿತು, ಗಾಡಿ ಮುಂಬೈ ಮುಟ್ಟಲೇ ಇಲ್ಲ ಅನ್ನುವ ಕಥೆಯೂ ಇದೆ. ನನಗಂತೂ ಅದು ಬಂದು ಕೊಲಾಬಾದ ಯಾವುದೋ ಬೀದಿಯಲ್ಲಿ ಬುಸ್ ಅಂತ ಹೊಗೆ ಬಿಟ್ಟಿರಲಿ ಅಂತ ಆಸೆ.

1897ರಲ್ಲಿ ಕಂಪನಿ ಶುರುವಾಯಿತು. ಎರಡು ವರ್ಷಕ್ಕೆ ಸ್ಯಾಮ್ಯುಯೆಲ್ ಸ್ಮಿತ್ ಅನ್ನುವ ಶ್ರೀಮಂತ ದುಡ್ಡು ಹಾಕಿ ಕಾರ್ಖಾನೆಯನ್ನು ಡೆಟ್ರಾಯಿಟ್‌ಗೆ ತಂದ. ರ್‍ಯಾನ್ಸಮ್‌ಗೆ ಯಾವ ಕಾರು ಮಾಡಬೇಕು ಅನ್ನುವುದೇ ತೀರ್ಮಾನವಾಗಿರಲಿಲ್ಲ. ಬ್ಯಾಟರಿ ಕಾರನ್ನೂ ಮಾಡಿ ನೋಡಿದ್ದ. 1901ರ ಮಾರ್ಚ್ 9ರಂದು ಕಾರ್ಖಾನೆಗೆ ಬೆಂಕಿ ಬಿತ್ತು. ಎಲ್ಲ ಸುಟ್ಟುಹೋಯಿತು, ಒಬ್ಬ ಕೆಲಸಗಾರ ಒಂದೇ ಒಂದು ಪುಟ್ಟ ಕಾರನ್ನು ಹೊರಗೆ ತಳ್ಳಿ ತಂದ, ಉಳಿದದ್ದು ಅದೊಂದೇ ಆದ್ದರಿಂದ ಅದನ್ನೇ ಮಾಡಬೇಕಾಯಿತು ಅನ್ನುವುದು ಕಂಪನಿ ಮುಂದೆ ಹೇಳಿಕೊಂಡು ಬಂದ ಕಥೆ. ಬೆಂಕಿಗೆ ಮುಂಚೆಯೇ ಆ ಕಾರಿನ ತೀರ್ಮಾನ ಆಗಿತ್ತು ಅನ್ನುವ ಇತಿಹಾಸಕಾರರೂ ಇದ್ದಾರೆ. ಅದೇನೇ ಇರಲಿ, ಕಾರಂತೂ ಚೆನ್ನಾಗಿತ್ತು.

ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕುದುರೆ ಬಿಚ್ಚಿದ ಸಾರೋಟು ಅಂದುಕೊಳ್ಳಿ. ಮುಂದೆ ಕಾಲಿಡುವ ಹಲಗೆ ಮೇಲಕ್ಕೆ ಸುರುಳಿಯಾಗಿ ಬಾಗಿದೆ. ಅದಕ್ಕೇ ಅದರ ಹೆಸರು ಕರ್ವ್ಡ್ ಡ್ಯಾಶ್. ಸ್ಟೀರಿಂಗ್ ಚಕ್ರ ಇಲ್ಲ, ದೋಣಿಯ ಚುಕ್ಕಾಣಿಯ ಹಾಗೆ ಒಂದು ಬಾಗಿದ ಕೋಲು. ಎಂಜಿನ್ ಸೀಟಿನ ಕೆಳಗೆ ಮಲಗಿದೆ. ಹ್ಯಾಂಡಲ್ ಪಕ್ಕದಲ್ಲೇ ಇರುವುದರಿಂದ ಕೂತಲ್ಲಿಂದಲೇ ತಿರುಗಿಸಿ ಸ್ಟಾರ್ಟ್ ಮಾಡಬಹುದು. ಪಿಸ್ಟನ್ ಒಂದೇ. ಆದರೆ ಒಂದೂವರೆ ಲೀಟರಿನದು. ನಿಮ್ಮ 350 ಸಿಸಿ ಬುಲೆಟ್ಟಿನ ಸಿಲಿಂಡರಿನ ನಾಲ್ಕು ಪಟ್ಟಿಗೂ ಜಾಸ್ತಿ! ಡಬ್... ಡಬ್... ಅಂತ ಒಂದೊಂದು ಪೆಟ್ಟನ್ನೂ ಎಣಿಸಬಹುದು. ಶಕ್ತಿ ಮಾತ್ರ ಐದು ಎಚ್‌ಪಿ ಆಸುಪಾಸು. ಚೈನಿನಿಂದ ಹಿಂದಿನ ಚಕ್ರ ತಿರುಗುತ್ತದೆ. ಬೆಲೆ 650 ಡಾಲರ್.

1901ರಲ್ಲಿ 425 ಕಾರು ಹೋದವು. ಮರುವರ್ಷ 2,500. 1904ಕ್ಕೆ ಐದು ಸಾವಿರ ದಾಟಿತು. ಆ ಕಾಲಕ್ಕೆ ಇದು ಸಣ್ಣ ಲೆಕ್ಕ ಅಲ್ಲ. ಒಂದೇ ನಮೂನೆಯ ಕಾರನ್ನು ಸಾವಿರಗಟ್ಟಲೆ ಮಾಡುವ ಪದ್ಧತಿ ಎಂದರೆ ನಮ್ಮ ಹುಡುಗರು ಫೋರ್ಡ್ ಅಂತ ಬರೆಯುತ್ತಾರೆ, ಅರ್ಧ ಮಾರ್ಕು. ಸಾಲಾಗಿ ಜೋಡಿಸುವ ಕೆಲಸ ಓಲ್ಡ್ಸ್ ಮೊದಲೇ ಮಾಡಿದ್ದ. ಸಾಲನ್ನೇ ಓಡುವ ಹಾಗೆ ಮಾಡಿದವನು ಫೋರ್ಡ್.

ಈ ಕಾರಿನ ಪ್ರಚಾರದ ಕಥೆ ಚೆನ್ನಾಗಿದೆ. 1901ರ ಶರತ್ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಮೋಟಾರು ಪ್ರದರ್ಶನ. ರಾಯ್ ಚೇಪಿನ್ ಅಂತ 21 ವರ್ಷದ ಹುಡುಗ ಡೆಟ್ರಾಯಿಟ್‌ನಿಂದ ಕಾರು ಓಡಿಸಿಕೊಂಡೇ ಹೊರಟ. ರಸ್ತೆ ಅನ್ನುವುದು ಎಲ್ಲಿತ್ತು? ಕೆಸರು. ಅದನ್ನು ತಪ್ಪಿಸಿಕೊಳ್ಳಲು ಈರಿ ಕಾಲುವೆಯ ದಂಡೆಯ ಮೇಲೆ, ದೋಣಿ ಎಳೆಯುವ ಹೇಸರಗತ್ತೆಗಳ ದಾರಿಯಲ್ಲಿ ಓಡಿಸಿದ. ಏಳೂವರೆ ದಿನಕ್ಕೆ ನ್ಯೂಯಾರ್ಕ್ ಮುಟ್ಟಿದ. ದೊಡ್ಡ ಹೋಟೆಲಿನ ಬಾಗಿಲಲ್ಲಿ ಇವನ ಅವತಾರ ನೋಡಿ, ಹಿಂದಿನ ಬಾಗಿಲಿಂದ ಬಾ ಅಂದರಂತೆ. ಅದೇ ಹುಡುಗ ಮುಂದೆ ಹಡ್ಸನ್ ಕಾರು ಕಂಪನಿ ಕಟ್ಟಿದವರಲ್ಲಿ ಒಬ್ಬನಾದ. ಓಲ್ಡ್ಸ್‌ಗೆ ಎಂಜಿನ್ ಮಾಡಿಕೊಟ್ಟ ಹೆನ್ರಿ ಲೀಲೆಂಡ್ ಕ್ಯಾಡಿಲ್ಯಾಕ್ ಕಟ್ಟಿದ. ಗೇರ್‌ಬಾಕ್ಸ್ ಮಾಡಿಕೊಟ್ಟ ಅಣ್ಣ-ತಮ್ಮ ಡಾಜ್ ಕಂಪನಿ ಕಟ್ಟಿದರು. ಅಮೆರಿಕದ ಅರ್ಧ ಮೋಟಾರು ಉದ್ಯಮ ಈ ಮನೆಯಲ್ಲಿ ಉಂಡು ಬೆಳೆದದ್ದು.

ಮನೆ ಯಜಮಾನ ಮಾತ್ರ ಹೊರಗೆ ಬಿದ್ದ! ದುಡ್ಡು ಹಾಕಿದ ಸ್ಮಿತ್‌ನ ಮಗ ಫ್ರೆಡರಿಕ್‌ಗೆ ದೊಡ್ಡ, ದುಬಾರಿ ಕಾರು ಮಾಡುವ ಹುಚ್ಚು. ರ್‍ಯಾನ್ಸಮ್‌ಗೆ ಸಣ್ಣ ಕಾರೇ ಸಾಕು. ಜಗಳವಾಗಿ 1904ರಲ್ಲಿ ಹೊರಟುಬಿಟ್ಟ. ಹೊಸ ಕಂಪನಿ ಶುರು ಮಾಡಿ ತನ್ನ ಹೆಸರಿಟ್ಟರೆ ಹಳೆ ಕಂಪನಿ ತಕರಾರು ಎತ್ತಿತು. ಅಪ್ಪ ಅಮ್ಮ ಇಟ್ಟ ಹೆಸರನ್ನೇ ಬಳಸುವ ಹಾಗಿಲ್ಲ. ಕೊನೆಗೆ ಇನಿಷಿಯಲ್ ಮೂರೂ ಸೇರಿಸಿ ರಿಯೊ ಅಂತ ಇಟ್ಟ. ಕೆಲವು ವರ್ಷ ಆ ರಿಯೊ ಈ ಓಲ್ಡ್ಸ್‌ಮೊಬೈಲ್‌ಗಿಂತ ಜಾಸ್ತಿ ಮಾರಾಟವಾಯಿತು. ಹೆಸರು ಒಂದು ಕಡೆ, ಹೆಸರಿನ ಮನುಷ್ಯ ಇನ್ನೊಂದು ಕಡೆ. ಇದನ್ನು ನೆನಪಿಟ್ಟುಕೊಳ್ಳಿ.

1908ರಲ್ಲಿ ವಿಲಿಯಂ ಡ್ಯುರಾಂಟ್ ಅನ್ನುವ ಚತುರ ಜನರಲ್ ಮೋಟಾರ್ಸ್, ಅಂದರೆ ಜಿಎಂ, ಕಟ್ಟಿದ. ಆಗಲೇ ಅವನ ಕೈಯಲ್ಲಿ ಬ್ಯೂಕ್ ಇತ್ತು. ಸೊರಗಿದ್ದ ಓಲ್ಡ್ಸ್‌ಮೊಬೈಲನ್ನೂ ಅದೇ ವರ್ಷ ಕೊಂಡ. ಕೊಂಡ ಮೇಲೆ ನೋಡಿದರೆ ಮಾರಲು ಹೊಸ ಕಾರೇ ಇಲ್ಲ. ಡ್ಯುರಾಂಟ್ ಏನು ಮಾಡಿದ ಅಂದರೆ, ಒಂದು ಬ್ಯೂಕ್ ಕಾರಿನ ಮರದ ಬಾಡಿಯನ್ನು ಓಲ್ಡ್ಸ್ ಕಾರ್ಖಾನೆಗೆ ಹೊರಿಸಿಕೊಂಡು ಬಂದ. ಗರಗಸ ತರಿಸಿ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಕೊಯ್ಯಿಸಿದ. ನಾಲ್ಕು ತುಂಡನ್ನೂ ನೆಲದ ಮೇಲೆ ಒಂದಿಷ್ಟು ಇಂಚು ದೂರ ಸರಿಸಿ, ಇಷ್ಟು ಅಗಲ, ಇಷ್ಟು ಉದ್ದ ಮಾಡಿ, ಇದೇ ನಿಮ್ಮ ಹೊಸ ಕಾರು ಅಂದನಂತೆ. ಹಾಗೆ ಬಂದ ಕಾರಿಗೆ ಬ್ಯೂಕ್‌ಗಿಂತ ಜಾಸ್ತಿ ಬೆಲೆ ಕಟ್ಟಿದರು. ಸಾವಿರಗಟ್ಟಲೆ ಮಾರಾಟವೂ ಆಯಿತು! ಮೋಟಾರು ಜಗತ್ತಿನಲ್ಲಿ ತುಂಬ ಜನ ನಗುತ್ತಾ ಹೇಳುವ ಕಥೆ ಇದು. ನಾನೂ ಕ್ಲಾಸಿನಲ್ಲಿ ನಗುತ್ತಲೇ ಹೇಳುತ್ತಿದ್ದೆ. ಈಗ ಅಷ್ಟು ನಗು ಬರುವುದಿಲ್ಲ.

ಮುಂದಿನ ಇಪ್ಪತ್ತು ವರ್ಷ ಬೇಗ ದಾಟೋಣ. 1920ರ ದಶಕದಲ್ಲಿ ಜಿಎಂನ ಮುಖ್ಯಸ್ಥನಾಗಿ ಆಲ್ಫ್ರೆಡ್ ಸ್ಲೋನ್ ಬಂದ. ಜಿಎಂನ ಕಾರುಗಳನ್ನು ಏಣಿಯ ಮೆಟ್ಟಿಲಿನ ಹಾಗೆ ಜೋಡಿಸಿದ. ಕೆಳಗೆ ಶೆವ್ರೊಲೆ, ಆಮೇಲೆ ಪಾಂಟಿಯಾಕ್, ನಡುವೆ ಓಲ್ಡ್ಸ್‌ಮೊಬೈಲ್, ಅದರ ಮೇಲೆ ಬ್ಯೂಕ್, ತುದಿಯಲ್ಲಿ ಕ್ಯಾಡಿಲ್ಯಾಕ್. ನಾನು ಹುಡುಗರಿಗೆ ಹೀಗೆ ಹೇಳುತ್ತಿದ್ದೆ: ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರಿಗೆ ಶೆವ್ರೊಲೆ, ಹೆಡ್‌ಮಾಸ್ಟರಾದರೆ ಓಲ್ಡ್ಸ್‌ಮೊಬೈಲ್, ಊರಿನ ಡಾಕ್ಟರಿಗೆ ಬ್ಯೂಕ್, ಗಿರಣಿ ಸಾಹುಕಾರರಿಗೆ ಕ್ಯಾಡಿಲ್ಯಾಕ್. ಸಂಬಳ ಏರಿದ ಹಾಗೆ ಕಾರೂ ಏರಬೇಕು, ದುಡ್ಡು ಮಾತ್ರ ಅದೇ ಮನೆಗೆ ಬರಬೇಕು. ಸ್ಲೋನ್ ಲೆಕ್ಕಾಚಾರದ ಮನುಷ್ಯ.

ನಡುವಿನ ಮಗನ ಪಾಡು ಗೊತ್ತಲ್ವಾ? ದೊಡ್ಡವನಿಗೆ ಮರ್ಯಾದೆ, ಚಿಕ್ಕವನಿಗೆ ಮುದ್ದು, ನಡುವಿನವನಿಗೆ ಕೆಲಸ. ಜಿಎಂನಲ್ಲಿ ಹೊಸದೇನಾದರೂ ಬಂದರೆ ಮೊದಲು ಓಲ್ಡ್ಸ್‌ಮೊಬೈಲ್ ಮೇಲೆ ಹಾಕಿ ನೋಡುವ ರೂಢಿ ಬೆಳೆಯಿತು. ಕೈಕೊಟ್ಟರೆ ಕ್ಯಾಡಿಲ್ಯಾಕ್ ಹೆಸರು ಕೆಡುವುದಿಲ್ಲ, ಶೆವ್ರೊಲೆಯ ಲಕ್ಷಗಟ್ಟಲೆ ಗಿರಾಕಿಗಳಿಗೆ ತೊಂದರೆಯಿಲ್ಲ. ಓಲ್ಡ್ಸ್‌ನ ಎಂಜಿನಿಯರುಗಳು ಇದನ್ನೇ ಹೆಮ್ಮೆ ಮಾಡಿಕೊಂಡರು. ಕಾರ್ಖಾನೆ ಡೆಟ್ರಾಯಿಟ್‌ನಿಂದ ಮತ್ತೆ ಲ್ಯಾನ್ಸಿಂಗ್‌ಗೇ ಬಂದಿತ್ತು. ಅಲ್ಲಿ ಅವರದೇ ಡ್ರಾಯಿಂಗ್ ಆಫೀಸು, ಅವರದೇ ಫೌಂಡ್ರಿ, ಅವರದೇ ಎಂಜಿನ್ನು. ನನ್ನ ಲೆಕ್ಕದಲ್ಲಿ ಓಲ್ಡ್ಸ್‌ಮೊಬೈಲ್ ಅಂದರೆ ಇದೇ. ಬೇರೆಯವರಿಗಿಂತ ಮೊದಲು ಮಾಡಿ ನೋಡುವ ಜನ.

1940ರ ಮಾಡಲ್‌ನಲ್ಲಿ ಹೈಡ್ರಾಮ್ಯಾಟಿಕ್ ಬಂತು. ಕ್ಲಚ್ ಪೆಡಲ್ ಇಲ್ಲದ ಪೂರ್ತಿ ಆಟೊಮ್ಯಾಟಿಕ್ ಗೇರು, ದೊಡ್ಡ ಸಂಖ್ಯೆಯಲ್ಲಿ ಮಾಡಿ ಮಾರಿದ್ದು ಜಗತ್ತಿನಲ್ಲಿ ಇದೇ ಮೊದಲು. ಇದಕ್ಕೆ ಅವರು ಜಾಸ್ತಿ ಕೇಳಿದ್ದು 57 ಡಾಲರ್. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎಡಗಾಲಿಗೆ ರಜೆ ಕೊಟ್ಟವರೆಲ್ಲ ಲ್ಯಾನ್ಸಿಂಗ್ ಕಡೆ ತಿರುಗಿ ಒಂದು ನಮಸ್ಕಾರ ಹಾಕಬೇಕು. ಅಷ್ಟರಲ್ಲಿ ಯುದ್ಧ. ಅದೇ ಗೇರ್‌ಬಾಕ್ಸು ಟ್ಯಾಂಕುಗಳಿಗೆ ಹೋಯಿತು. ಯುದ್ಧ ಮುಗಿದ ಮೇಲೆ ಕೈಯೋ ಕಾಲೋ ಕಳೆದುಕೊಂಡು ಬಂದ ಸೈನಿಕರಿಗೆಂದು ಬೇರೆ ಥರ ಕಂಟ್ರೋಲ್ ಜೋಡಿಸಿದ ಓಲ್ಡ್ಸ್‌ಮೊಬೈಲ್‌ಗಳನ್ನು ಮಾಡಿದರು. ಕ್ಲಚ್ ಇಲ್ಲದ್ದರಿಂದಲೇ ಅದು ಸಾಧ್ಯವಾಯಿತು.

1949ರಲ್ಲಿ ರಾಕೆಟ್ ಎಂಜಿನ್. ಐದು ಲೀಟರಿನ ವಿ8, 135 ಎಚ್‌ಪಿ. ವಾಲ್ವ್ ಮೇಲಿರುವ, ಹೆಚ್ಚು ಕಂಪ್ರೆಷನ್ನಿನ ಎಂಜಿನ್. ಇದನ್ನು ಹಗುರ ಬಾಡಿಗೆ ಕೂರಿಸಿ 88 ಅಂತ ಹೆಸರಿಟ್ಟರು. ಹೆಡ್‌ಮಾಸ್ಟರ್ ಕಾರು ರಾತ್ರೋರಾತ್ರಿ ಪುಂಡ ಕಾರಾಯಿತು. ಆ ವರ್ಷ ನ್ಯಾಸ್ಕಾರ್ ರೇಸಿನ ಮೊದಲ ಚಾಂಪಿಯನ್‌ಷಿಪ್ ಗೆದ್ದ ರೆಡ್ ಬೈರನ್ ಓಡಿಸಿದ್ದು ಇದನ್ನೇ. ಈ ಕಾರಿನ ಹೆಸರಲ್ಲಿ 1951ರಲ್ಲಿ ಬಂದ ಹಾಡನ್ನು ರಾಕ್ ಅಂಡ್ ರೋಲ್‌ನ ಮೊದಲ ಹಾಡು ಅಂತ ಎಷ್ಟೋ ಜನ ಎಣಿಸುತ್ತಾರೆ. ‘ರಾಕೆಟ್’ ಅನ್ನುವ ಮಾತಿಗೆ ಜನರ ಬಾಯಲ್ಲಿ ಒಂದು ಬೆಲೆ ಬಂತು. ಓಲ್ಡ್ಸ್ ಕೊಳ್ಳುವುದು ಅಂದರೆ ರಾಕೆಟ್ ಕೊಳ್ಳುವುದು.

ಎಲ್ಲ ಪ್ರಯೋಗವೂ ಗೆಲ್ಲಲಿಲ್ಲ. 1962ರ ಜೆಟ್‌ಫೈರ್ ಕಾರಿಗೆ ಟರ್ಬೊ, ಅಂದರೆ ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಪಂಪು ಹಾಕಿದರು. ಆ ಕಾಲಕ್ಕೆ ದೊಡ್ಡ ಸಾಹಸ. ಎಂಜಿನ್ ನಾಕ್ ಆಗದಿರಲಿ, ಅಂದರೆ ಪೆಟ್ರೋಲು ಹೊತ್ತಲ್ಲದ ಹೊತ್ತಲ್ಲಿ ಸಿಡಿದು ಬಡಿಯದಿರಲಿ ಅಂತ ಡಿಸ್ಟಿಲ್ಡ್ ವಾಟರು, ಮೆಥನಾಲು ಬೆರೆಸಿದ ಒಂದು ದ್ರವ ಚಿಮ್ಮುತ್ತಿತ್ತು. ಅದರ ಟ್ಯಾಂಕನ್ನು ಮಾಲೀಕರೇ ಆಗಾಗ ತುಂಬಬೇಕು. ಬ್ಯಾಟರಿಗೆ ನೀರು ಹಾಕಿಸುವುದನ್ನೇ ಮರೆಯುವ ಜನ ನಾವು. ಅವರೂ ಅಷ್ಟೇ. ಎಷ್ಟೋ ಜನ ಟರ್ಬೊವನ್ನೇ ಕಿತ್ತುಹಾಕಿಸಿ ಮಾಮೂಲಿ ಕಾರ್ಬುರೇಟರ್ ಹಾಕಿಸಿಕೊಂಡರು. ಎರಡೇ ವರ್ಷಕ್ಕೆ ಜೆಟ್‌ಫೈರ್ ನಿಂತಿತು. 1966ರ ಟೊರೊನಾಡೊ ಮಾತ್ರ ಭೇಷ್ ಅನ್ನಿಸಿತು. ಏಳು ಲೀಟರಿನ ಎಂಜಿನ್, 385 ಎಚ್‌ಪಿ, ಎಲ್ಲ ಮುಂದಿನ ಚಕ್ರಕ್ಕೆ. ಅಷ್ಟು ಶಕ್ತಿಯನ್ನು ಮುಂದಿನ ಚಕ್ರಕ್ಕೆ ಕೊಟ್ಟರೆ ಸ್ಟೀರಿಂಗ್ ಕೈಯಲ್ಲಿ ನಿಲ್ಲಲ್ಲ ಅಂತ ಎಲ್ಲರೂ ಅಂದಿದ್ದರು. ನಿಂತಿತು.

ಈಗ ಶಿಖರಕ್ಕೆ ಬರೋಣ. 1976ರಲ್ಲಿ ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾದ ಕಾರು ಓಲ್ಡ್ಸ್‌ಮೊಬೈಲ್ ಕಟ್ಲಾಸ್. 1977ರಲ್ಲಿ ಓಲ್ಡ್ಸ್‌ಮೊಬೈಲ್ ಮಾರಾಟ ಹತ್ತು ಲಕ್ಷ ದಾಟಿತು. ಅದಕ್ಕೂ ಮುಂಚೆ ಈ ಗೆರೆ ದಾಟಿದ್ದು ಶೆವ್ರೊಲೆ ಮತ್ತು ಫೋರ್ಡ್ ಮಾತ್ರ.

ಅದೇ ವರ್ಷ ಶಿಕಾಗೊದಲ್ಲಿ ಒಬ್ಬರು ಹೊಸ 88 ಕಾರನ್ನು ಸರ್ವಿಸಿಗೆ ಬಿಟ್ಟರು. ಮೆಕ್ಯಾನಿಕ್ ಓಲ್ಡ್ಸ್‌ಮೊಬೈಲ್‌ನ ಪಾರ್ಟು ತಂದು ಹಾಕಿದರೆ ಕೂರುತ್ತಿಲ್ಲ. ಬಗ್ಗಿ ನೋಡಿದ. ಎಂಜಿನ್ ಶೆವ್ರೊಲೆಯದು! ಓಲ್ಡ್ಸ್‌ಗೆ ಬೇಡಿಕೆ ಎಷ್ಟು ಬಂದಿತ್ತು ಅಂದರೆ, ರಾಕೆಟ್ ಎಂಜಿನ್ ಸಾಲದೆ, ಅಷ್ಟೇ ಅಳತೆಯ ಶೆವ್ರೊಲೆ ಎಂಜಿನ್ ಕೂರಿಸಿ ಕಳಿಸುತ್ತಿದ್ದರು. ಗಿರಾಕಿಗೆ ಒಂದು ಮಾತೂ ಹೇಳಿರಲಿಲ್ಲ. ಆ ಶೆವ್ರೊಲೆ ಎಂಜಿನ್ ಕೆಟ್ಟದ್ದೇನಲ್ಲ, ಗಟ್ಟಿಮುಟ್ಟಾದ ಎಂಜಿನ್ನೇ. ಆದರೆ ತುಪ್ಪ ಅಂತ ದುಡ್ಡು ಕೊಟ್ಟವನಿಗೆ ಒಳ್ಳೆ ಕಡಲೆಕಾಯಿ ಎಣ್ಣೆ ಕೊಟ್ಟರೆ ಸುಮ್ಮನಿರ್ತಾನಾ? ಇಲಿನಾಯ್ ರಾಜ್ಯದ ಅಟಾರ್ನಿ ಜನರಲ್ ಕೇಸು ಹಾಕಿದರು. ಬೇರೆ ರಾಜ್ಯಗಳೂ ಸೇರಿಕೊಂಡವು. ಕೊನೆಗೆ ಮಾಲೀಕರಿಗೆ 200 ಡಾಲರ್, ಜೊತೆಗೆ ಹೆಚ್ಚಿನ ವಾರಂಟಿ ಕೊಟ್ಟು ರಾಜಿಯಾಯಿತು.

ಜಿಎಂನವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಎಂಜಿನ್ ಯಾವ ಕಾರ್ಖಾನೆಯದಾದರೇನು, ಓಡುತ್ತಲ್ಲ? ಆಮೇಲೆ ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ, ನಮ್ಮ ಕಾರುಗಳಲ್ಲಿ ಜಿಎಂನ ಬೇರೆ ಬೇರೆ ವಿಭಾಗಗಳ ಎಂಜಿನ್ ಇರುತ್ತವೆ ಅಂತ ಸೇರಿಸಿದರು. ಕಾನೂನಿನ ಪ್ರಕಾರ ಸರಿ. ಆದರೆ ಅಪ್ಪನ ಕಾಲದಿಂದ ರಾಕೆಟ್ ಕೊಳ್ಳುತ್ತಿದ್ದ ಮನುಷ್ಯ ಅದನ್ನು ಓದಿ ಏನಂದುಕೊಂಡಾನು?

ಇದರ ಬೆನ್ನಿಗೇ ಡೀಸೆಲ್. ಇದು ನನ್ನ ವಿಷಯ, ಹಾಗಾಗಿ ಸ್ವಲ್ಪ ಹೊತ್ತು ತಗೊಳ್ತೀನಿ, ಬೇಜಾರು ಮಾಡ್ಕೋಬೇಡಿ.

1973ರ ತೈಲ ಬಿಕ್ಕಟ್ಟಿನ ಮೇಲೆ ಅಮೆರಿಕ ಸರ್ಕಾರ ಮೈಲೇಜ್ ಕಾನೂನು ತಂದಿತು. ದೊಡ್ಡ ಕಾರನ್ನೂ ಮಾರಬೇಕು, ಮೈಲೇಜೂ ಕೊಡಬೇಕು. ದಾರಿ ಡೀಸೆಲ್. ಯಾರ ಮೇಲೆ ಹಾಕಿ ನೋಡುವುದು? ನಡುವಿನ ಮಗ ಇದ್ದಾನಲ್ಲ. 1978ರ ಮಾಡಲ್‌ನಲ್ಲಿ ಓಲ್ಡ್ಸ್‌ಮೊಬೈಲ್ 5.7 ಲೀಟರಿನ ಡೀಸೆಲ್ ವಿ8 ತಂದಿತು. ಪೆಟ್ರೋಲ್ ಎಂಜಿನ್ನಿಗೇ ಡೀಸೆಲ್ ಹಾಕಿದರು ಅಂತ ಜನ ಹೇಳುವುದು ಪೂರ್ತಿ ನಿಜ ಅಲ್ಲ. ಬ್ಲಾಕನ್ನು ದಪ್ಪ ಮಾಡಿದ್ದರು, ಕ್ರ್ಯಾಂಕ್ ಗಟ್ಟಿ ಮಾಡಿದ್ದರು. ಆದರೆ ಅದೇ ಕಾರ್ಖಾನೆಯ ಅದೇ ಯಂತ್ರಗಳಲ್ಲಿ ಈ ಎಂಜಿನ್ನೂ ತಯಾರಾಗಬೇಕಿತ್ತು. ಹಾಗಾಗಿ ಹೆಡ್ ಬೋಲ್ಟು, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡನ್ನು ಬಿಗಿಯುವ ಬೋಲ್ಟು ಮಾತ್ರ ಪೆಟ್ರೋಲ್ ಎಂಜಿನ್ನಿನಷ್ಟೇ, ಅದೇ ಜಾಗದಲ್ಲಿ.

ಇಲ್ಲಿ ಎಷ್ಟು ಜನ ಡೀಸೆಲ್ ಎಂಜಿನ್ ಹೆಡ್ ಇಳಿಸಿದ್ದೀರಿ? ಇಬ್ಬರು. ಸರಿ, ಉಳಿದವರಿಗೆ ಹೇಳ್ತೀನಿ. ಪೆಟ್ರೋಲ್ ಎಂಜಿನ್ ಒಳಗೆ ಗಾಳಿಯನ್ನು ಎಂಟು ಪಟ್ಟು ಒತ್ತುತ್ತಿದ್ದ ಕಾಲ ಅದು. ಈ ಡೀಸೆಲ್ 22.5 ಪಟ್ಟು ಒತ್ತುತ್ತಿತ್ತು. ಅಷ್ಟು ಒತ್ತಡ ಪ್ರತಿ ಪೆಟ್ಟಿಗೂ ಹೆಡ್ಡನ್ನು ಮೇಲಕ್ಕೆ ತಳ್ಳುತ್ತದೆ. ಹಿಡಿದುಕೊಳ್ಳುವುದು ಬೋಲ್ಟು. ಕುಕ್ಕರಿನ ಮುಚ್ಚಳಕ್ಕೆ ಡಬ್ಬಿಯ ಮುಚ್ಚಳದ ತಿರುಪು ಹಾಕಿದ ಹಾಗೆ. ಬೋಲ್ಟು ಒಂದು ಕೂದಲೆಳೆ ಜಗ್ಗಿದರೆ ಸಾಕು, ಹೆಡ್ಡಿನ ಕೆಳಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಗುತ್ತದೆ. ರೇಡಿಯೇಟರ್ ನೀರು ಸಿಲಿಂಡರಿಗೆ ಇಳಿಯುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗಲ್ಲ. ಮೇಲೆ ಬರುವ ಪಿಸ್ಟನ್ನಿಗೆ ಜಾಗ ಇಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲ ಮುರಿಯುತ್ತದೆ. ಎಂಜಿನ್ ಖಲಾಸ್. ಗ್ಯಾರೇಜಿನವರು ಹೊಸ ಗ್ಯಾಸ್ಕೆಟ್ ಹಾಕಿ ಅದೇ ನಮೂನೆ ಬೋಲ್ಟು ಬಿಗಿದು ಕಳಿಸಿದರೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ.

ಎರಡನೆಯ ತಪ್ಪು ಇನ್ನೂ ಸಣ್ಣದು. ವಾಟರ್ ಸೆಪರೇಟರ್ ಹಾಕಲಿಲ್ಲ. ಡೀಸೆಲ್‌ನಲ್ಲಿ ಒಂದಿಷ್ಟು ನೀರು ಯಾವಾಗಲೂ ಸೇರಿರುತ್ತದೆ. ಅದನ್ನು ತಡೆದು ಕೆಳಗೆ ಕೂರಿಸುವ ಒಂದು ಬಟ್ಟಲು. ಹತ್ತಾರು ಡಾಲರಿನ ಮಾತು. ನಾನು ಹುಡುಗನಾಗಿದ್ದಾಗ ಮಲೆನಾಡಿನಲ್ಲಿ ಒಂದು ಡೀಸೆಲ್ ಜೀಪು ಓಡಿಸುತ್ತಿದ್ದೆ. ಫಿಲ್ಟರಿನ ಬಟ್ಟಲಿನ ನೀರು ಬಿಡು ಅಂತ ಹಳೇ ಡ್ರೈವರೊಬ್ಬರು ದಿನಾ ಬೆಳಿಗ್ಗೆ ಹೇಳುತ್ತಿದ್ದರು. ನಾನು ನಾಳೆ, ನಾಳೆ ಅಂತ ಬಿಟ್ಟೆ. ಜುಲೈ ತಿಂಗಳ ಮಳೆಯಲ್ಲಿ ಘಾಟಿಯ ನಡುವೆ ಎರಡು ಸಲ ಗೊರ ಗೊರ ಅಂದು ಜೀಪು ನಿಂತಿತು. ಬಗ್ಗಿ ಕೆಳಗಿನ ತಿರುಪು ಸಡಿಲಿಸಿದೆ. ಬಂದದ್ದು ಡೀಸೆಲ್ ಅಲ್ಲ, ಬಿಳಿ ನೀರು, ಅಂಗೈ ತುಂಬ. ಆಮೇಲೆ ಹಳದಿ ಎಣ್ಣೆ ಬಂತು. ಕೈಪಂಪು ಒತ್ತಿ ಗಾಳಿ ತೆಗೆದು ಸ್ಟಾರ್ಟ್ ಮಾಡುವ ಹೊತ್ತಿಗೆ ಕತ್ತಲಾಗಿತ್ತು. ಆ ಬಟ್ಟಲು ಇಲ್ಲದೆ ಹೋಗಿದ್ದರೆ ನೀರು ನೇರ ಪಂಪಿಗೆ ಹೋಗಿ, ತುಕ್ಕು ಹಿಡಿಸಿ, ನನ್ನ ಆರು ತಿಂಗಳ ಸಂಬಳ ನುಂಗುತ್ತಿತ್ತು.

ಓಲ್ಡ್ಸ್‌ಮೊಬೈಲ್ ಮಾಲೀಕರಿಗೆ ಆದದ್ದು ಅದೇ. ಪಂಪು, ನಾಜಲ್ ಎಲ್ಲ ತುಕ್ಕು. ಕೆಲವರು ಬುದ್ಧಿವಂತಿಕೆ ಮಾಡಿ, ಪೆಟ್ರೋಲ್ ಕಾರಿಗೆ ಚಳಿಗಾಲದಲ್ಲಿ ಹಾಕುವ ಆಲ್ಕೋಹಾಲ್ ತಂದು ಟ್ಯಾಂಕಿಗೆ ಸುರಿದರು. ಅದು ಪಂಪಿನ ಸೀಲುಗಳನ್ನೇ ತಿಂದುಹಾಕಿತು. ಡೀಲರುಗಳ ಮೆಕ್ಯಾನಿಕ್‌ಗಳಿಗೆ ಡೀಸೆಲ್ ಅಭ್ಯಾಸವೇ ಇರಲಿಲ್ಲ. ಡೀಸೆಲ್‌ಗೆ ಬೇರೆ ಎಂಜಿನ್ ಆಯಿಲ್ ಬೇಕು ಅನ್ನುವುದು ಎಷ್ಟೋ ಮಾಲೀಕರಿಗೆ ಗೊತ್ತಿರಲಿಲ್ಲ. 1981ರ ಹೊತ್ತಿಗೆ ಎಂಜಿನ್ ಸಾಕಷ್ಟು ಸುಧಾರಿಸಿತು. ಆದರೆ ಹೆಸರು ಕೆಟ್ಟಾಗಿತ್ತು. 1985ಕ್ಕೆ ನಿಲ್ಲಿಸಿದರು. ಅಮೆರಿಕದ ಸಾಮಾನ್ಯ ಜನ ಡೀಸೆಲ್ ಕಾರು ಅಂದರೆ ಇಂದಿಗೂ ಮುಖ ಸಿಂಡರಿಸುವುದರ ಹಿಂದೆ ಈ ಎಂಜಿನ್ನಿನ ಪಾಲು ದೊಡ್ಡದು.

ಮೊದಲು ಮಾಡಿ ನೋಡುವುದು ತಪ್ಪಲ್ಲ. ಜೆಟ್‌ಫೈರ್ ಸೋತಾಗ ಯಾರೂ ಓಲ್ಡ್ಸ್‌ಮೊಬೈಲನ್ನು ಬಿಟ್ಟು ಹೋಗಲಿಲ್ಲ. ಅದು ಕೆಲವೇ ಸಾವಿರ ಕಾರು. ಕೊಂಡವರಿಗೂ ಇದು ಹೊಸ ಆಟ ಅಂತ ಗೊತ್ತಿತ್ತು. ಡೀಸೆಲ್ ಹಾಗಲ್ಲ. ಅದನ್ನು ಕೊಂಡವರು ಮೈಲೇಜ್ ಲೆಕ್ಕ ಹಾಕುವ ಸಂಸಾರಸ್ಥರು, ಅದೂ ಲಕ್ಷಗಟ್ಟಲೆ. ಪ್ರಯೋಗಶಾಲೆಯ ಬಾಗಿಲು ತೆಗೆದು ಗಿರಾಕಿಯನ್ನೇ ಮೇಜಿನ ಮೇಲೆ ಮಲಗಿಸಿದ ಹಾಗಾಯಿತು.

ತಮಾಷೆ ನೋಡಿ, ಇಷ್ಟಾದರೂ ಮಾರಾಟ ಬೀಳಲಿಲ್ಲ. 1980ರ ದಶಕದ ನಡುವೆ ವರ್ಷಕ್ಕೆ ಹತ್ತು ಲಕ್ಷ ಕಾರು ಹೋಗುತ್ತಲೇ ಇತ್ತು. ಅಡಿಪಾಯಕ್ಕೆ ಗೆದ್ದಲು ಹಿಡಿದ ಮನೆಯೂ ಒಂದಷ್ಟು ವರ್ಷ ಸುಣ್ಣ ಬಳಿದುಕೊಂಡು ನಿಂತಿರುತ್ತೆ.

ಆಗ ಬಂತು ಡ್ಯುರಾಂಟನ ಗರಗಸದ ಎರಡನೇ ಅವತಾರ. 1982ರಲ್ಲಿ ಜಿಎಂ ಒಂದೇ ಅಚ್ಚಿನ ಮೇಲೆ ನಾಲ್ಕು ಕಾರು ಮಾಡಿತು. ಶೆವ್ರೊಲೆ ಸೆಲೆಬ್ರಿಟಿ, ಪಾಂಟಿಯಾಕ್ 6000, ಓಲ್ಡ್ಸ್‌ಮೊಬೈಲ್ ಕಟ್ಲಾಸ್ ಸಿಯೆರಾ, ಬ್ಯೂಕ್ ಸೆಂಚುರಿ. 1983ರಲ್ಲಿ ಒಂದು ದೊಡ್ಡ ವ್ಯಾಪಾರ ಪತ್ರಿಕೆ ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ಮುಖಪುಟಕ್ಕೆ ಫೋಟೊ ಹಾಕಿತು. ಯಾವುದು ಯಾವುದು ಅಂತ ಹೇಳುವುದೇ ಕಷ್ಟ. ಡ್ಯುರಾಂಟ್ ಕನಿಷ್ಠ ಕೊಯ್ದು ಅಗಲ ಮಾಡಿದ್ದ. ಇವರು ಅಷ್ಟೂ ಮಾಡಲಿಲ್ಲ. ಸ್ಲೋನ್‌ನ ಏಣಿ ನೆಲಕ್ಕೆ ಬಿತ್ತು. ಕೆಳಗಿನ ಮೆಟ್ಟಿಲಿನ ಕಾರೂ ನಡುವಿನ ಮೆಟ್ಟಿಲಿನ ಕಾರೂ ಒಂದೇ ಥರ ಇದ್ದರೆ ಮೇಷ್ಟ್ರು ಯಾಕೆ ಹತ್ತಬೇಕು? 1984ರಲ್ಲಿ ವಿಭಾಗಗಳನ್ನೇ ಕಲಸಿ ಎರಡು ದೊಡ್ಡ ಗುಂಪು ಮಾಡಿದರು. ಲ್ಯಾನ್ಸಿಂಗ್‌ನ ಜನ ಕಾರು ಕಟ್ಟುತ್ತಿದ್ದರು, ನಿಜ. ಆದರೆ ಇದು ಹೀಗಿರಲಿ ಅಂತ ತೀರ್ಮಾನಿಸುವ ಅಧಿಕಾರ ಅವರ ಕೈ ಬಿಟ್ಟಿತು.

ಅದರ ಮೇಲೆ ಹೆಸರಿನ ಗೊಂದಲ. ಕಟ್ಲಾಸ್ ಚೆನ್ನಾಗಿ ಓಡುತ್ತೆ ಅಂತ ಎಲ್ಲದಕ್ಕೂ ಕಟ್ಲಾಸ್ ಅಂತ ಇಟ್ಟರು. ಕಟ್ಲಾಸ್ ಸುಪ್ರೀಂ, ಕಟ್ಲಾಸ್ ಸಿಯೆರಾ, ಕಟ್ಲಾಸ್ ಕಲೇ, ಕಟ್ಲಾಸ್ ಕ್ರೂಸರ್. ಬೇರೆ ಬೇರೆ ಕಾರು, ಒಂದೇ ಹೆಸರು. ಹೆದ್ದಾರಿಯಲ್ಲಿ ಒಂದರ ಪಕ್ಕ ಒಂದು ‘ಒರಿಜಿನಲ್ ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡು ಕಂಡಾಗ ನಮಗೆ ಏನನ್ನಿಸುತ್ತೋ, ಅದೇ.

ಕೊಳ್ಳುವವರ ವಯಸ್ಸು ಏರುತ್ತಿತ್ತು. ಹುಡುಗರು ಹೋಂಡಾ, ಟೊಯೋಟಾ ಕಡೆ ಹೊರಟಿದ್ದರು. 1988ರಲ್ಲಿ ಜಾಹೀರಾತಿನವರು ಒಂದು ಸಾಲು ಹೊಸೆದರು: ಇದು ನಿಮ್ಮ ಅಪ್ಪನ ಓಲ್ಡ್ಸ್‌ಮೊಬೈಲ್ ಅಲ್ಲ. ಪ್ರಸಿದ್ಧ ನಟರು, ಹಾಡುಗಾರರು ತಮ್ಮ ಮಕ್ಕಳ ಜೊತೆ ಅದರಲ್ಲಿ ಬಂದರು. ಸಾಲು ದೇಶಕ್ಕೆಲ್ಲ ಬಾಯಿಪಾಠವಾಯಿತು. ಈಗಲೂ ಅಲ್ಲಿನ ಜನ ಯಾವುದೋ ಹೊಸ ಫೋನು, ಹೊಸ ಪಕ್ಷದ ಬಗ್ಗೆ ಹಾಗೆ ಹೇಳುತ್ತಾರೆ. ಕಾರು ಮಾತ್ರ ಮಾರಾಟವಾಗಲಿಲ್ಲ. ಯಾಕೆ ಅಂತ ನಮ್ಮ ಮನೆಯ ಲೆಕ್ಕದಲ್ಲೇ ಯೋಚಿಸಿ. ಅಂಗಡಿಗೆ ದಿನಾ ಬರುವ ಗಿರಾಕಿಯ ಎದುರಿಗೇ, ಇವರಂಥವರಿಗಲ್ಲ ನಮ್ಮ ಅಂಗಡಿ ಅಂತ ಮೈಕಿನಲ್ಲಿ ಕೂಗಿದರೆ? ಅಪ್ಪನಿಗೆ ಅವಮಾನ. ಮಗ ಒಳಗೆ ಬಂದು ನೋಡಿದರೆ ನಿಂತಿರುವುದು ಅದೇ ಅಪ್ಪನ ಕಾರು. ನನ್ನ ಕೇಳಿದರೆ, ಅಪ್ಪನ ಕಾರು ಅನ್ನಿಸಿಕೊಳ್ಳುವುದೇ ಅವರ ಕೈಯಲ್ಲಿ ಉಳಿದಿದ್ದ ದೊಡ್ಡ ಆಸ್ತಿ. ಅಪ್ಪ ಓಡಿಸಿದ್ದು ರಾಕೆಟ್ ಅಲ್ವಾ?

ಕೊನೆಗಾಲದಲ್ಲಿ ಒಳ್ಳೆ ಪ್ರಯತ್ನ ಆಗಲಿಲ್ಲ ಅಂತಲ್ಲ. 1995ರ ಮಾಡಲ್ ಅರೋರಾ ನೋಡಲು ಚಂದ, ಓಡಿಸಲೂ ಚಂದ. ಆದರೆ ಅದರ ಹೊರಮೈ ಮೇಲೆ ಓಲ್ಡ್ಸ್‌ಮೊಬೈಲ್ ಅನ್ನುವ ಹೆಸರೇ ಇಲ್ಲ! ಬೇಕಂತಲೇ ಬಿಟ್ಟಿದ್ದರು. ತೊಂಬತ್ತೆಂಟು ವರ್ಷ ಹಳೆಯ ಹೆಸರನ್ನು ಅದರ ಸ್ವಂತ ಮನೆಯವರೇ ಮರೆಮಾಡಿಕೊಳ್ಳುವ ಸ್ಥಿತಿ.

2000ದ ಡಿಸೆಂಬರ್ 12ರಂದು ಜಿಎಂ ಘೋಷಿಸಿತು, ಓಲ್ಡ್ಸ್‌ಮೊಬೈಲನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ ಅಂತ. ಮಾರಾಟ ವರ್ಷಕ್ಕೆ ಮೂರು ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಆದರೆ ಬೋರ್ಡು ಇಳಿಸುವುದೂ ಸುಲಭ ಅಲ್ಲ. ಸುಮಾರು 2,800 ಡೀಲರುಗಳಿದ್ದರು. ಅಮೆರಿಕದಲ್ಲಿ ಡೀಲರಿಗೆ ರಾಜ್ಯಗಳ ಕಾನೂನಿನ ರಕ್ಷಣೆ ಇದೆ, ನಾಳೆಯಿಂದ ಬೇಡ ಅನ್ನುವ ಹಾಗಿಲ್ಲ. ಪರಿಹಾರಕ್ಕೇ 100 ಕೋಟಿ ಡಾಲರ್ ಆಸುಪಾಸು ಖರ್ಚಾಯಿತು ಅನ್ನುತ್ತಾರೆ. ಬ್ಯೂಕ್ ಯಾಕೆ ಉಳಿಯಿತು, ಓಲ್ಡ್ಸ್ ಯಾಕೆ ಹೋಯಿತು ಅಂತ ಕೇಳುವವರಿದ್ದಾರೆ. ಬ್ಯೂಕ್‌ಗೆ ಚೀನಾದಲ್ಲಿ ಭಾರಿ ಗಿರಾಕಿ ಸಿಕ್ಕಿತು. ಓಲ್ಡ್ಸ್‌ಗೆ ಲ್ಯಾನ್ಸಿಂಗ್ ಬಿಟ್ಟರೆ ಇನ್ನೊಂದು ಊರು ಇರಲಿಲ್ಲ.

2004ರ ಏಪ್ರಿಲ್ 29. ಲ್ಯಾನ್ಸಿಂಗ್ ಕಾರ್ಖಾನೆಯಿಂದ ಕೊನೆಯ ಕಾರು ಹೊರಬಂತು. ಅಲೆರೊ ಅನ್ನುವ ಮಾಡಲ್, ಗಾಢ ಚೆರ್ರಿ ಬಣ್ಣ. ಕಟ್ಟಿದ ಕೆಲಸಗಾರರು ಬಾನೆಟ್ ಎತ್ತಿ ಒಳಗಡೆ ತಮ್ಮ ತಮ್ಮ ಸಹಿ ಹಾಕಿದ್ದರು. ಅವರಲ್ಲಿ ಅಪ್ಪ, ಅಜ್ಜನ ಕಾಲದಿಂದ ಅದೇ ಊರಲ್ಲಿ ಅದೇ ಕೆಲಸ ಮಾಡಿದ ಮನೆಯವರೂ ಇದ್ದರು.

ಆ ಸಹಿಗಳ ಕೆಳಗೆ ಕೂತಿದ್ದ ವಿ6 ಎಂಜಿನ್ ಶೆವ್ರೊಲೆಯವರು ರೂಪಿಸಿದ ವಂಶದ್ದು. 1977ರಲ್ಲಿ ಇದೇ ವಿಷಯಕ್ಕೆ ಜನ ಕೋರ್ಟಿಗೆ ಹೋಗಿದ್ದರು. ಈ ಸಲ ಯಾರೂ ಕೇಳಲಿಲ್ಲ.

ನನ್ನ ಮಾತು ಇಷ್ಟೇ. ಹೊರಗೆ ಕಾಫಿ ಬಂದಿದೆ ಅಂತ ಕಾಣುತ್ತೆ, ವಾಸನೆ ಬರ್ತಾ ಇದೆ. ಡೀಸೆಲ್ ಹೆಡ್ ಇಳಿಸಿದ್ದೀನಿ ಅಂತ ಕೈ ಎತ್ತಿದ ಇಬ್ಬರೂ ನನ್ನ ಹತ್ತಿರ ಬನ್ನಿ, ಯಾವ ಗಾಡಿ ಅಂತ ತಿಳ್ಕೋಬೇಕು.